ಉದ್ಯಾನ ಸ್ಮಶಾನಗಳು: ನಿರ್ವಹಣೆಯ ಮಾತು ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಉದ್ಯಾನ ಸ್ಮಶಾನಗಳನ್ನು (ಉದ್ಯಾನದಂತೆ ರೂಪಿಸಿದ ಸ್ಮಶಾನಗಳನ್ನು) ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಾಸ್ಟನ್ ಸಮೀಪ 1831ರಲ್ಲಿ ಮೌಂಟ್ ಆಬರ್ನ್ ಸ್ಮಶಾನ ಸ್ಥಾಪನೆಯಾದ ಬಗೆ, ಅದಕ್ಕಾಗಿ ಶ್ರಮಿಸಿದ ವೈದ್ಯ ಜೇಕಬ್ ಬಿಗೆಲೊ ಅವರ ಆರೋಗ್ಯ ಕಾಳಜಿ, ಅಲ್ಲಿನ ಗುಡ್ಡ-ಕೊಳಗಳ ಚೆಲುವು ಎಲ್ಲವೂ ಸೊಗಸಾಗಿ ಮೂಡಿಬಂದಿವೆ. ಆದರೆ ಬೇಲಿಯಿಲ್ಲದ ವಿಶಾಲ ಹುಲ್ಲುಹಾಸು ಈ ಸ್ಮಶಾನಗಳಿಗೆ ಹುಟ್ಟಿನಿಂದಲೇ ಬಂದದ್ದು ಎಂಬ ಅರ್ಥ ಹೊಮ್ಮುವಂತೆ ಬರೆದಿರುವುದು ಸರಿಯಲ್ಲ.

ಮೌಂಟ್ ಆಬರ್ನ್‌ನ ಮೊದಲ 72 ಎಕರೆಯಲ್ಲಿ 300 ಚದರ ಅಡಿಯ ಒಂದೊಂದು ತುಂಡು ನೆಲವನ್ನು ಆರಂಭದಲ್ಲಿ 60 ಡಾಲರಿಗೆ ಕುಟುಂಬಗಳಿಗೆ ಮಾರಲಾಗುತ್ತಿತ್ತು. ಕೊಂಡವರು ಅದರ ಸುತ್ತ ಕಬ್ಬಿಣದ ಬೇಲಿ ನೆಟ್ಟರು, ಕಲ್ಲಿನ ಅಂಚು ಕಟ್ಟಿದರು, ತಮಗಿಷ್ಟವಾದ ಗಿಡ ಹಾಕಿದರು. ಹೀಗೆ ಮಾಡಿದ್ದು ಅಲ್ಲೊಂದೇ ಕಡೆಯಲ್ಲ. ಕುಟುಂಬ ಊರು ಬಿಟ್ಟರೆ ಅಥವಾ ಮುಂದಿನ ತಲೆಮಾರಿಗೆ ಆಸಕ್ತಿ ಉಳಿಯದಿದ್ದರೆ ಬೇಲಿಗೆ ತುಕ್ಕು ಹಿಡಿಯುತ್ತಿತ್ತು, ಅಂಚಿನ ಕಲ್ಲು ವಾಲುತ್ತಿತ್ತು, ಬೇಲಿಗಳ ನಡುವಿನ ಇಕ್ಕಟ್ಟಿನಲ್ಲಿ ಹುಲ್ಲು ಕೊಯ್ಯುವುದಕ್ಕೆ ಕುಡುಗೋಲು ಬೀಸಲೂ ಜಾಗವಿರುತ್ತಿರಲಿಲ್ಲ. ಬದುಕಿದ್ದಾಗ ಹಿತ್ತಿಲ ಗಡಿಗಾಗಿ ನಡೆಸಿದ ಪೈಪೋಟಿಯನ್ನು ಸತ್ತ ಮೇಲೂ ಮುಂದುವರಿಸಿದಂತಿತ್ತು ಆ ನೋಟ.

ಇದನ್ನು ತಿದ್ದಿದ ಕೀರ್ತಿ ಬಹುಮಟ್ಟಿಗೆ ಸಲ್ಲಬೇಕಾದದ್ದು ಲೇಖನದಲ್ಲಿ ಹೆಸರೇ ಬಾರದ ಅಡಾಲ್ಫ್ ಸ್ಟ್ರೌಕ್ ಅವರಿಗೆ. ಯುರೋಪಿನ ಸೈಲೀಸಿಯಾ ಪ್ರಾಂತದಲ್ಲಿ 1822ರಲ್ಲಿ ಹುಟ್ಟಿ, ವಿಯೆನ್ನಾದ ಅರಮನೆ ತೋಟಗಳಲ್ಲಿ ಕೆಲಸ ಕಲಿತು, 1852ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರಕ್ಕೆ ಬಂದ ಇವರು ಕೆಲವೇ ವರ್ಷಗಳಲ್ಲಿ ಅಲ್ಲಿನ ಸ್ಪ್ರಿಂಗ್ ಗ್ರೋವ್ ಸ್ಮಶಾನದ ಸುಧಾರಣೆಗೆ ತೊಡಗಿ, 1859ರಲ್ಲಿ ಅದರ ಮೇಲ್ವಿಚಾರಕರಾದರು. ಜೌಗು ನೆಲದ ನೀರನ್ನು ಹರಿಯಗೊಟ್ಟು ಕೆರೆಗಳಾಗಿ ರೂಪಿಸಿದ್ದು ಕಣ್ಣಿಗೆ ಕಾಣುವ ಕೆಲಸ. ನಿಯಮ ಬದಲಿಸಿದ್ದು ಅದಕ್ಕಿಂತ ಕಷ್ಟದ ಕೆಲಸ. ಬೇಲಿ ಮತ್ತು ಅಂಚುಗಟ್ಟೆಗಳು ಹೋಗಬೇಕು, ಒಂದು ಕುಟುಂಬದ ನೆಲದಲ್ಲಿ ನಡುವೆ ಒಂದೇ ಸ್ಮಾರಕವಿರಬೇಕು, ಉಳಿದ ಸಮಾಧಿಗಳ ಕಲ್ಲುಗಳು ನೆಲಮಟ್ಟಕ್ಕೆ ಹತ್ತಿರವಿರಬೇಕು, ಯಾವ ಗಿಡ ಎಲ್ಲಿ ಎಂಬುದನ್ನು ಮೇಲ್ವಿಚಾರಕರೇ ತೀರ್ಮಾನಿಸಬೇಕು ಎಂಬುದು ಅವರ ನಿಲುವಾಗಿತ್ತು. ಹಣ ಕೊಟ್ಟು ಕೊಂಡ ನೆಲದಲ್ಲಿ ತಮ್ಮ ಮಾತು ನಡೆಯದೆಂದರೆ ಕೊಂಡವರು ಸಿಟ್ಟಾಗದೆ ಇರುತ್ತಾರೆಯೇ? ವಿರೋಧ ಜೋರಾಗಿಯೇ ಬಂದಿತು. ಆಡಳಿತ ಮಂಡಳಿ ಬೆನ್ನಿಗೆ ನಿಂತದ್ದರಿಂದ ಅವರು ಉಳಿದರು. ತೀರಿಹೋದವರಿಗಾಗಿ ತಮ್ಮ ಕೈಯಾರೆ ಒಂದು ಹೂಗಿಡ ನೆಡಬಯಸಿದವರ ಸ್ವಾತಂತ್ರ್ಯವೂ ಈ ಶಿಸ್ತಿನಲ್ಲಿ ಮೊಟಕಾಯಿತು ಎನ್ನುವುದನ್ನು ಒಪ್ಪಲೇಬೇಕು. ಆದರೂ ನನ್ನ ದೃಷ್ಟಿಯಲ್ಲಿ ಸ್ಟ್ರೌಕ್ ಅವರ ದಾರಿಯೇ ಸರಿ, ಏಕೆಂದರೆ ಒಂದೇ ಕೈಯ ಆರೈಕೆಯಲ್ಲಿದ್ದ ಬಯಲನ್ನು ಕಡಿಮೆ ಆಳುಗಳಿಂದ ಅಚ್ಚುಕಟ್ಟಾಗಿ ಇಡಬಹುದಿತ್ತು, ಬಡ ಕುಟುಂಬದ ಸಮಾಧಿಯೂ ಪಾಳು ಬೀಳುತ್ತಿರಲಿಲ್ಲ.

ಹಣದ ವಿಚಾರವೂ ಇದೆ. ನೆಲ ಮಾರಿ ಬರುವ ಆದಾಯ ನೆಲ ಮುಗಿದ ದಿನ ನಿಲ್ಲುತ್ತದೆ, ಹುಲ್ಲು ಮಾತ್ರ ಬೆಳೆಯುತ್ತಲೇ ಇರುತ್ತದೆ. ಮಾರಾಟದ ಹಣದಲ್ಲಿ ಒಂದು ಪಾಲನ್ನು ಶಾಶ್ವತ ನಿಧಿಯಾಗಿ ತೆಗೆದಿರಿಸಿ ಅದರ ಬಡ್ಡಿಯಿಂದ ಆರೈಕೆ ನಡೆಸುವ ಪದ್ಧತಿ ಅಮೆರಿಕದ ಸ್ಮಶಾನಗಳಲ್ಲಿ ಕ್ರಮೇಣ ಬೇರೂರಿದ್ದು ಈ ಕಾರಣಕ್ಕೆ.

ಸ್ಟ್ರೌಕ್ 1883ರಲ್ಲಿ ತೀರಿಕೊಂಡರು. ಸ್ಪ್ರಿಂಗ್ ಗ್ರೋವ್‌ನಲ್ಲಿಯೇ ಅವರ ಸಮಾಧಿಯಿದೆ. ನಾಲ್ಕು ವರ್ಷಗಳ ನಂತರ ಅಮೆರಿಕದ ಸ್ಮಶಾನ ಮೇಲ್ವಿಚಾರಕರ ಸಂಘ ರೂಪುಗೊಂಡದ್ದೂ ಸಿನ್ಸಿನಾಟಿಯಲ್ಲೇ. ಲೇಖನ ಮಾಲೆ ಮುಂದುವರಿಯಲಿದೆಯೆಂದು ಪ್ರಕಟಿಸಿರುವುದರಿಂದ, ಮುಂದಿನ ಕಂತಿನಲ್ಲಾದರೂ ಸ್ಪ್ರಿಂಗ್ ಗ್ರೋವ್‌ನ ಈ ನಿಯಮಗಳಿಗೂ ನಿಧಿಯ ವ್ಯವಸ್ಥೆಗೂ ಸ್ಥಳ ಕೊಡಬೇಕೆಂದು ಲೇಖಕರಲ್ಲಿಯೂ ತಮ್ಮಲ್ಲಿಯೂ ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗ, ಮೈಸೂರು