ಕೆಲಸ ಬಿಡಲೇ ಎಂದು ಕೇಳಿದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ, ಎರಡು ಕಥೆಗಳು ಕೈಸೇರಿದವು. ವೈಟ್‌ಫೀಲ್ಡಿನ ಕೆಲಸ ಬಿಟ್ಟು ಬರೆಯುತ್ತಾ ಕೂರಲೇ ಎಂದು ಕೇಳಿದ್ದೀಯ. ಈಗಲೇ ಬೇಡ. ಬಾಡಿಗೆ, ಸಾಲದ ಕಂತು ಎಂದೆಲ್ಲ ಹೇಳಿ ಹೆದರಿಸುತ್ತಿಲ್ಲ, ಅದು ನಿನಗೇ ಗೊತ್ತು. ನಿನ್ನ ಬರಹಕ್ಕೇ ಆ ಕೆಲಸ ಬೇಕು ಅಂತ ನನಗನ್ನಿಸುತ್ತದೆ.

ಮೊದಲ ಕಥೆಯಲ್ಲಿ ಹೊಳೆ ಇದೆ, ತೋಟ ಇದೆ, ಅಜ್ಜಿ ಇದ್ದಾಳೆ. ಭಾಷೆ ಚೆನ್ನಾಗಿದೆ. ಆದರೆ ಅದು ನೀನು ಓದಿ ತಿಳಿದ ಹಳ್ಳಿ. ಎರಡನೆಯದರಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗಿ ಕ್ಯಾಬಿನಲ್ಲಿ ಕೂತು ಡ್ರೈವರ್ ಫೋನಿನಲ್ಲಿ ಆಡುವ ಮಾತು ಕೇಳಿಸಿಕೊಳ್ಳುತ್ತಾಳಲ್ಲ, ಊರಲ್ಲಿರುವ ಹೆಂಡತಿಗೆ ಬೋರ್‌ವೆಲ್ ಮೋಟಾರ್ ಆಫ್ ಮಾಡಲು ಅವನು ನೆನಪಿಸುತ್ತಾನಲ್ಲ, ಅಲ್ಲಿ ನಾನು ನಿಂತುಬಿಟ್ಟೆ. ಇದನ್ನು ನೀನಲ್ಲದೆ ಯಾರು ಬರೆಯಬೇಕು? ಅಪ್ರೈಸಲ್ ದಿನದ ಮುಖಗಳು, ಕೆಲಸ ಹೋದವನ ಖಾಲಿ ಟೇಬಲ್ಲು, ಹೌಸ್‌ಕೀಪಿಂಗ್ ಅಕ್ಕಂದಿರು ಊಟಕ್ಕೆ ಕೂರುವ ಮೂಲೆ. ಇವೆಲ್ಲ ಕನ್ನಡದಲ್ಲಿ ಇನ್ನೂ ಜಾಸ್ತಿ ಬರಬೇಕು.

ದುಡಿಯುತ್ತಲೇ ಬರೆದವರು ನಮ್ಮಲ್ಲಿ ಬೇಕಾದಷ್ಟು ಜನ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದರು. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತಿದ್ದರು. ಯಶವಂತ ಚಿತ್ತಾಲರನ್ನಂತೂ ನೀನು ಓದಲೇಬೇಕು. ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡಿಕೊಂಡೇ 1979ರಲ್ಲಿ 'ಶಿಕಾರಿ' ತಂದರು. ಕಂಪನಿಯೊಳಗಿನ ಭಯ, ಸಂಶಯ ಆ ಕಾದಂಬರಿಯಲ್ಲಿ ಮೈಕೊರೆಯುತ್ತದೆ. ದೂರ ನಿಂತು ನೋಡಿದವರಿಗೆ ಅದು ಸಿಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಟೈಮೇ ಸಿಗಲ್ಲ ಅಂತೀಯ. ನಿಜ. ಆಫೀಸು ಸಮಯದ ಜೊತೆ ತಲೆಯನ್ನೂ ತೆಗೆದುಕೊಳ್ಳುತ್ತದೆ. ಅದಕ್ಕೇ ರಾತ್ರಿ ಬರೆಯಬೇಡ. ಬೆಳಿಗ್ಗೆ ಎದ್ದು, ಮೇಲ್ ನೋಡುವ ಮೊದಲು, ಫೋನನ್ನು ಬೇರೆ ರೂಮಿನಲ್ಲಿಟ್ಟು ಅರ್ಧ ಗಂಟೆ ಬರಿ. ನಾಲ್ಕು ಸಾಲು ಬಂದರೂ ಸಾಕು. ಮೆಟ್ರೋದಲ್ಲಿ ಬರೆಯಲು ಹೋಗಬೇಡ, ಸುಮ್ನೆ ಕೇಳಿಸಿಕೋ. ನೇರಳೆ ಮಾರ್ಗ 2023ರಲ್ಲಿ ಪೂರ್ತಿ ತೆರೆದ ಮೇಲೆ ವಿಜಯನಗರದಿಂದ ವೈಟ್‌ಫೀಲ್ಡಿಗೆ ಒಂದೇ ರೈಲು. ಕಲಬುರಗಿಯ ಕನ್ನಡ, ಕೋಲಾರದ ಕನ್ನಡ, ತೆಲುಗು ಬೆರೆತ ಕನ್ನಡ ಎಲ್ಲವೂ ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಇಯರ್‌ಫೋನ್ ಬ್ಯಾಗಿನಲ್ಲೇ ಇರಲಿ.

ನಿನ್ನ ಪಾತ್ರಗಳು ಪೂರ್ತಿ ವಾಕ್ಯದಲ್ಲೇ ಮಾತಾಡುತ್ತವೆ. ಜನ ಹಾಗೆ ಮಾತಾಡಲ್ಲ, ಅಲ್ವಾ? ಇದಕ್ಕೆ ನಾಟಕ ನೋಡಬೇಕು. ಕಲಾಕ್ಷೇತ್ರಕ್ಕೆ ಹೋಗು, ಹನುಮಂತನಗರದ ಕಲಾಸೌಧಕ್ಕೆ ಹೋಗು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಆ ಕಟ್ಟುನಿಟ್ಟು ನನಗೆ ತುಂಬಾ ಇಷ್ಟ. ಟಿಕೆಟ್ ಮೊದಲೇ ತೆಗೆದಿಟ್ಟುಕೊಂಡರೆ "ಇವತ್ತು ಬೇಗ ಹೊರಡುತ್ತೇನೆ" ಎಂದು ಮ್ಯಾನೇಜರಿಗೆ ಹೇಳಲೇಬೇಕಾಗುತ್ತದೆ. ಕಾರಣ ಕೇಳಿದರೆ ನಾಟಕ ಎಂದೇ ಹೇಳು. ಹೊಟ್ಟೆನೋವಿನ ನೆಪ ಬೇಡ. ಕಲೆಗಾಗಿ ಹೊರಡುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಹೀಗೆ ಒಂದು ವರ್ಷ ಮಾಡಿನೋಡು. ಆಮೇಲೂ ನಿದ್ದೆ, ಭಾನುವಾರ ಎಲ್ಲವನ್ನೂ ಆ ಕೆಲಸವೇ ನುಂಗುತ್ತಿದ್ದರೆ ಬೇರೆ ಕೆಲಸ ಹುಡುಕು. ಸಂಬಳ ಸ್ವಲ್ಪ ಕಡಿಮೆಯಾದರೂ ಸಂಜೆ ನಿನ್ನದಾಗಿರುವಂಥದ್ದು. ರಾಜೀನಾಮೆ ಕೊಡುವ ಮೊದಲು ಮಾತ್ರ ನನಗೊಂದು ಫೋನ್ ಮಾಡು.

ಪ್ರೀತಿಯಿಂದ,
ನಿನ್ನ ಅಕ್ಕ