ನಮ್ಮ ಅಲ್ಟ್ರಾಮರೀನ್ ನೀಲಿಯನ್ನು ಅರೆಯುವ ಎಣ್ಣೆ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ,

ಮುಂದಿನ ತಯಾರಿಕೆಯಿಂದ ನಮ್ಮ ಅಲ್ಟ್ರಾಮರೀನ್ ನೀಲಿ ತೈಲವರ್ಣವನ್ನು ಕುಸುಬೆ ಎಣ್ಣೆಯ ಬದಲು ಅಗಸೆ ಎಣ್ಣೆಯಲ್ಲಿ ಅರೆಯಲು ನಿರ್ಧರಿಸಿದ್ದೇವೆ. ಬಣ್ಣದ ಹದ ಕಾಯಲು ಇದುವರೆಗೆ ಸೇರಿಸುತ್ತಿದ್ದ ಅಲ್ಯೂಮಿನಿಯಂ ಸ್ಟಿಯರೇಟನ್ನು ಕೈಬಿಟ್ಟು, ತುಸು ಜೇನುಮೇಣವನ್ನಷ್ಟೇ ಬಳಸಲಿದ್ದೇವೆ. ವರ್ಣದ್ರವ್ಯ ಹಿಂದಿನದೇ, ಟ್ಯೂಬಿನ ಮೇಲೆ ಅದನ್ನು ಸೂಚಿಸುವ ಪಿಬಿ 29 ಎಂಬ ಸಂಕೇತವೂ ಬದಲಾಗುವುದಿಲ್ಲ. ಆದರೂ ಕುಂಚ ಹಿಡಿದ ಕೈಗೆ ವ್ಯತ್ಯಾಸ ಗೊತ್ತಾಗುವುದರಿಂದ ಕಾರಣವನ್ನು ಮುಂಚಿತವಾಗಿಯೇ ತಿಳಿಸುತ್ತಿದ್ದೇವೆ.

ಕುಸುಬೆ ಎಣ್ಣೆಯನ್ನು ನಾವು ಆರಿಸಿಕೊಂಡಿದ್ದು ಅದು ಕಡಿಮೆ ಹಳದಿಯಾಗುತ್ತದೆ ಎಂಬ ಒಂದೇ ಕಾರಣಕ್ಕೆ. ಅಗಸೆ ಎಣ್ಣೆ ಹಳದಿಯಾಗುವುದಕ್ಕೆ ಅದರಲ್ಲಿ ಸರಿಸುಮಾರು ಅರ್ಧದಷ್ಟಿರುವ ಲಿನೋಲೆನಿಕ್ ಆಮ್ಲ ಮುಖ್ಯ ಕಾರಣ. ಕುಸುಬೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಎಣ್ಣೆಯನ್ನು ಬೇಗ ಒಣಗಿಸಿ ಗಟ್ಟಿಯಾದ ಪೊರೆಯನ್ನಾಗಿ ಮಾಡುವುದೂ ಅದೇ ಆಮ್ಲ. ಅಲ್ಟ್ರಾಮರೀನ್ ಮೊದಲೇ ನಿಧಾನವಾಗಿ ಒಣಗುವ ಬಣ್ಣ. ಅದಕ್ಕೆ ನಿಧಾನವಾದ ಎಣ್ಣೆಯೂ ಜೊತೆಯಾದಾಗ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಬಹುಕಾಲ ಮೆತ್ತಗೇ ಉಳಿಯುತ್ತದೆ. ಇದನ್ನು ನೆರಳಿನ ತಳಪದರವಾಗಿ ದಪ್ಪಗೆ ಬಳಿದು, ಅದರ ಮೇಲೆ ಬೇಗ ಒಣಗುವ ಮಣ್ಣುಬಣ್ಣಗಳನ್ನು ಹಚ್ಚಿದ ಕೆಲವರು ಬಿರುಕುಗಳ ಬಗ್ಗೆ ನಮಗೆ ಬರೆದರು. ತಪ್ಪು ಅವರ ಕೈಯಲ್ಲಿರಲಿಲ್ಲ, ನಮ್ಮ ಎಣ್ಣೆಯಲ್ಲಿತ್ತು ಎಂಬುದು ನಮ್ಮ ಅಭಿಪ್ರಾಯ.

ಸ್ಟಿಯರೇಟಿನ ವಿಷಯ ಬೇರೆ. ಅದು ಎಣ್ಣೆಯನ್ನು ಬೆಣ್ಣೆಯಂತೆ ಗಟ್ಟಿಗೊಳಿಸುವುದರಿಂದ ಕಡಿಮೆ ವರ್ಣದ್ರವ್ಯ ಹಾಕಿದರೂ ಬಣ್ಣ ಮೈತುಂಬಿದಂತೆ ಕಾಣುತ್ತದೆ. ಆ ಅನುಕೂಲ ತಯಾರಕರದ್ದೇ ಹೊರತು ಚಿತ್ರಕಾರರದ್ದಲ್ಲ.

ಇನ್ನು ನೀವು ಎದುರುನೋಡಬೇಕಾದ ಬದಲಾವಣೆಗಳು. ಅಗಸೆ ಎಣ್ಣೆಯಲ್ಲಿ ಅರೆದ ಅಲ್ಟ್ರಾಮರೀನ್ ಜೇನಿನಂತೆ ಎಳೆಯಾಗಿ ಜಾರುವ ಸ್ವಭಾವದ್ದು. ಮೇಣ ಅದನ್ನು ತಡೆಯುತ್ತದೆಯಾದರೂ ಪೂರ್ತಿ ನಿಲ್ಲಿಸುವುದಿಲ್ಲ, ಹಾಗಾಗಿ ಕುಂಚದ ಗೀರುಗಳು ಹಿಂದಿನಷ್ಟು ಚೂಪಾಗಿ ನಿಲ್ಲಲಾರವು. ಅಗಸೆ ಎಣ್ಣೆಯ ಹಳದಿ ಛಾಯೆ ಗಾಢ ನೀಲಿಯಲ್ಲಿ ಬಹುತೇಕ ಕಾಣದು. ಬಿಳಿ ಬೆರೆಸಿದ ತೆಳುನೀಲಿಯಲ್ಲಿ ಕಾಲಕ್ರಮೇಣ ಕೊಂಚ ಹಸಿರಿನ ಕಡೆಗೆ ವಾಲಬಹುದು. ಕತ್ತಲಲ್ಲಿಟ್ಟ ಚಿತ್ರದಲ್ಲಿ ಇದು ಹೆಚ್ಚು, ಬೆಳಕಿಗೆ ತಂದಿಟ್ಟರೆ ಬಹುಮಟ್ಟಿಗೆ ಇಳಿಯುತ್ತದೆ. ತೆಳುನೀಲಿ ಆಕಾಶವನ್ನೇ ಹೆಚ್ಚಾಗಿ ಬರೆಯುವವರು ಇದನ್ನು ಯೋಚಿಸಿ ಖರೀದಿಸಬೇಕೆಂದು ವಿನಂತಿ.

ಟ್ಯೂಬಿನಿಂದ ಹಿಂಡಿದ ಬಣ್ಣ ಕಪ್ಪಿಗೆ ಸಮೀಪವಾಗಿ ಕಾಣುತ್ತದೆ ಎಂಬ ದೂರು ಆಗಾಗ ಬರುತ್ತದೆ. ಅದು ಹೊಸ ಬಣ್ಣದಲ್ಲೂ ಹಾಗೆಯೇ ಇರುತ್ತದೆ. ಅಲ್ಟ್ರಾಮರೀನಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಬಾಗಿಸುವ ಪ್ರಮಾಣದ ಅಳತೆ, ಸುಮಾರು 1.5, ಎಣ್ಣೆಯದ್ದು 1.48ರ ಆಸುಪಾಸು. ಎರಡೂ ಇಷ್ಟು ಹತ್ತಿರವಿರುವಾಗ ಬೆಳಕು ಕಣಗಳ ಮೇಲೆ ಚದುರದೆ ಒಳಗಿಳಿದುಬಿಡುತ್ತದೆ. ಈ ಪಾರದರ್ಶಕತೆಯಿಂದಲೇ ಒಣಗಿದ ಬಿಳಿಯ ಮೇಲೆ ತೆಳುವಾಗಿ ಹರಡಿದ ಪಾರದರ್ಶಕ ಪದರ (ಗ್ಲೇಜ್) ಅಷ್ಟು ಬೆಳಗುವುದು. ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದ ನೀಲಿಗೂ ಇದೇ ಗುಣವಿತ್ತು. 1824ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹ ಸಂಘವು ಕೃತಕ ಅಲ್ಟ್ರಾಮರೀನಿಗೆ 6,000 ಫ್ರಾಂಕ್ ಬಹುಮಾನ ಸಾರಿ, 1828ರಲ್ಲಿ ಅದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಗಿಮೆ ಅವರಿಗೆ ಕೊಟ್ಟ ಮೇಲೆಯೇ ಈ ಬಣ್ಣ ಸಾಮಾನ್ಯ ಚಿತ್ರಕಾರರ ಕೈಗೆಟುಕಿತು.

ಬೆಳಕಿಗೆ ಈ ನೀಲಿ ಮಾಸುವುದಿಲ್ಲ, ಕ್ಷಾರಕ್ಕೂ ಅಂಜುವುದಿಲ್ಲ; ಆಮ್ಲ ತಾಗಿದರೆ ಮಾತ್ರ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಚಿತ್ರ ಒರೆಸಲು ಹುಳಿ ದ್ರಾವಣಗಳನ್ನು ದಯವಿಟ್ಟು ಬಳಸಬೇಡಿ.

ಸ್ಟಿಯರೇಟ್ ಇಲ್ಲದಿರುವುದರಿಂದ ಬಹಳ ದಿನ ಇಟ್ಟ ಟ್ಯೂಬಿನ ಬಾಯಲ್ಲಿ ಎಣ್ಣೆ ಬೇರ್ಪಟ್ಟು ನಿಲ್ಲಬಹುದು. ಅದು ಕೆಟ್ಟದ್ದಲ್ಲ, ಪ್ಯಾಲೆಟ್ ಮೇಲೆ ಚಾಕುವಿನಿಂದ ಮತ್ತೆ ಕಲಸಿಕೊಳ್ಳಿ. ಹಳೆಯ ಟ್ಯೂಬುಗಳು ನಿಮ್ಮಲ್ಲಿ ಉಳಿದಿದ್ದರೆ ಅವುಗಳನ್ನು ಮೇಲ್ಪದರಗಳಿಗೆ ಮೀಸಲಿಟ್ಟು, ತಳಕ್ಕೆ ಹೊಸದನ್ನು ಬಳಸಿ. ಹೊಸ ಟ್ಯೂಬುಗಳನ್ನು ಗುರುತಿಸಲು ಎಣ್ಣೆಯ ಹೆಸರನ್ನು ಚೀಟಿಯ ಮೇಲೆಯೇ ಅಚ್ಚು ಹಾಕಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಣ್ಣ ತಯಾರಕರ ಸಹಕಾರಿ ಬಳಗ