ತಗ್ಗಿಸಿದ ಸಣ್ಣ ಕಾರಿಗೆ ದೊಡ್ಡ ಅಲಾಯ್: ದುಡ್ಡು ಕೊಡುವ ಮುಂಚೆ ಓದಿ

ಗೆಳೆಯರೇ, ತಗ್ಗಿಸಿದ ಕಾರಿಗೆ, ಅಂದರೆ ಸ್ಪ್ರಿಂಗ್ ಬದಲಿಸಿ ನೆಲಕ್ಕೆ ಹತ್ತಿರ ಮಾಡಿದ ಕಾರಿಗೆ, 15 ಅಥವಾ 16 ಇಂಚಿನ ಅಲಾಯ್ (ಮಿಶ್ರಲೋಹದ ಚಕ್ರ) ಕೂರುತ್ತಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಕೂರುತ್ತದೆ, ಆದರೆ ಅಳತೆ ನೋಡಿ ಆರಿಸಬೇಕು.

ರಿಮ್ (ಟೈರ್ ಕೂರುವ ಲೋಹದ ಚಕ್ರ) ದೊಡ್ಡದಾದಷ್ಟು ಟೈರಿನ ಗೋಡೆ ಗಿಡ್ಡವಾಗಬೇಕು. ಒಟ್ಟು ಎತ್ತರ ಮೊದಲಿನಷ್ಟೇ ಇರಲಿ. 175/65 ಆರ್14 ಅಂದರೆ ಟೈರಿನ ಅಗಲ 175 ಮಿ.ಮೀ., ಗೋಡೆ ಅದರ ಶೇ. 65, ರಿಮ್ 14 ಇಂಚು; ಒಟ್ಟು ಎತ್ತರ ಸುಮಾರು 583 ಮಿ.ಮೀ. 195/45 ಆರ್16 ಹಾಕಿದರೂ ಹತ್ತಿರ ಹತ್ತಿರ 582. ಸ್ಪೀಡೋಮೀಟರ್ ಲೆಕ್ಕವೂ ತಪ್ಪುವುದಿಲ್ಲ.

ಜಾಸ್ತಿ ಜನ ಎಡವುವುದು ಆಫ್‌ಸೆಟ್‌ನಲ್ಲಿ. ಅಂದರೆ ರಿಮ್ಮಿನ ಅಗಲದ ನಟ್ಟ ನಡುವಿನಿಂದ, ಅದು ಕಾರಿಗೆ ಬೋಲ್ಟ್ ಆಗುವ ಮುಖದವರೆಗಿನ ದೂರ; ಇದನ್ನು ಮಿ.ಮೀ.ನಲ್ಲಿ ಇಟಿ ಅಂತ ಬರೆಯುತ್ತಾರೆ. ಇಟಿ45 ಇದ್ದ ಕಡೆ ಇಟಿ35 ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ರಿಮ್ ಅಗಲವಾದರೆ ಇನ್ನೂ ಆಚೆ. ಮಾಮೂಲಿ ಎತ್ತರದ ಕಾರಿನಲ್ಲಿ ಇದು ನಡೆದೀತು. ತಗ್ಗಿಸಿದ ಕಾರು ಗುಂಡಿಗೆ ಇಳಿದಾಗ ಫೆಂಡರಿನ (ಚಕ್ರದ ಮೇಲಿನ ತಗಡು) ಒಳ ಅಂಚು ಟೈರನ್ನೇ ಕೊಯ್ಯಬಹುದು.

ಅದಕ್ಕೇ ಅಂಗಡಿಯವರ ಹತ್ತಿರ ಮೊದಲು ಒಂದೇ ಜೋಡಿ ಹಾಕಿಸಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಹಿಂದೆ ಮೂರು ಜನ ಕೂತು, ಉಬ್ಬಿನ ಮೇಲೆ ನಿಧಾನವಾಗಿ ಹತ್ತಿಸಿ. ಆಮೇಲೆ ಕೆಳಗಿಳಿದು ಟಾರ್ಚ್ ಬಿಟ್ಟು ನೋಡಿ. ಫೆಂಡರಿನ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಉಜ್ಜಿ ಹೊಳೆಯುವ ಗೆರೆ ಕಂಡರೆ ಆ ಸೆಟ್ ಬೇಡ. ಸುಮ್ನೆ ಸ್ಪೇಸರ್ (ಚಕ್ರದ ಹಿಂದೆ ಇಡುವ ಬಿಲ್ಲೆ) ಹಾಕಿ ಸರಿಮಾಡಲು ಹೋಗಬೇಡಿ, ಚಕ್ರ ಇನ್ನೂ ಹೊರಗೆ ಹೋಗುತ್ತದೆ.

ಬೋಲ್ಟ್ ತೂತುಗಳ ಅಳತೆ ಸರಿಯಾಗಿ ಹೊಂದಲೇಬೇಕು. ನಡುವಿನ ತೂತು ಹಬ್‌ಗಿಂತ (ಚಕ್ರ ಕೂರುವ ಕಾರಿನ ಗುಂಬ) ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಸ್ಟೀರಿಂಗ್ ನಡುಗಬಹುದು. ಹೊಸ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರಬಲ್ಲದು ಅನ್ನುವ ಸಂಖ್ಯೆ) ಕಾರಿನ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು. ಗಾಳಿ ವಾರವಾರ ನೋಡಿ, ಗಿಡ್ಡ ಟೈರಿನಲ್ಲಿ ರಿಮ್‌ಗೆ ಏಟು ಬೇಗ ಬೀಳುತ್ತದೆ.

ಸಂದೇಹವಿದ್ದರೆ ಈಗಿನ ಟೈರ್ ಸೈಜು, ರಿಮ್ಮಿನ ಅಗಲ, ಇಟಿ ಸಂಖ್ಯೆ ಮೂರನ್ನೂ ಇಲ್ಲಿ ಹಾಕಿ. ಲೆಕ್ಕ ಹಾಕಿ ಹೇಳುತ್ತೇನೆ.